ಚರ್ಮ ಮತ್ತು ರಬ್ಬರ್: ಪರಸ್ಪರ ರಕ್ಷಣೆ

(ಮಿಸಿಸಾಗದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಸುಳ್ಯ, ಪುತ್ತೂರುಗಳ ಕಡೆಯಿಂದ ಬಂದವರಿಗೆ ರಬ್ಬರ್ ತೋಟಗಳ ಪರಿಚಯವಿದ್ದೇ ಇರುತ್ತದೆ. 1964ರ ಒಪ್ಪಂದದ ತರುವಾಯ ಶ್ರೀಲಂಕೆಯಿಂದ ಮರಳಿದ ಅನೇಕ ತಮಿಳು ಕುಟುಂಬಗಳಿಗೆ ಅಲ್ಲಿನ ಸರಕಾರಿ ತೋಟಗಳು ಜೀವನೋಪಾಯವಾದವು. ತೊಗಟೆಯನ್ನು ಓರೆಯಾಗಿ ಗೀರಿದಾಗ ಒಸರುವ ಬಿಳಿಯ ಹಾಲೇ ಲೇಟೆಕ್ಸ್. ಅದಕ್ಕೆ ಗಂಧಕವನ್ನೂ ಇತರ ರಾಸಾಯನಿಕಗಳನ್ನೂ ಬೆರೆಸಿ, ಅಚ್ಚನ್ನು ಅದರಲ್ಲಿ ಅದ್ದಿ ಕಾಯಿಸಿದರೆ ಕೈಗವಸು. ತೆಳುಹಾಳೆ ಮಾಡಿ ಅಂಟಿಸಿದರೆ ಮೈಗಂಟುವ ಉಡುಪು.

1889-90ರ ಸುಮಾರಿಗೆ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್, ಕ್ರಿಮಿನಾಶಕ ದ್ರಾವಣದಿಂದ ಕೈಗಳು ಹುಣ್ಣಾದ ದಾದಿ ಕ್ಯಾರೊಲಿನ್ ಹ್ಯಾಂಪ್ಟನ್‌ರಿಗಾಗಿ ರಬ್ಬರ್ ಕೈಗವಸುಗಳನ್ನು ಮಾಡಿಸಿದರು. ಹೀಗೆ ಚರ್ಮದ ರಕ್ಷಣೆಗೆ ಬಂದ ವಸ್ತುವೇ ಕೆಲವರಿಗೆ ಅಪಾಯಕಾರಿಯಾದುದು ವಿಪರ್ಯಾಸ. ಏಡ್ಸ್ ಭೀತಿಯಿಂದ 1987ರ ಬಳಿಕ ಕೈಗವಸಿನ ಬಳಕೆ ಬಹಳ ಹೆಚ್ಚಿತು. ಅದರೊಡನೆ ಅಲರ್ಜಿಯೂ ಹೆಚ್ಚಿತು. ಕೈಗವಸಿನ ಪುಡಿಯು ರಬ್ಬರಿನ ಪ್ರೋಟೀನನ್ನು ಗಾಳಿಗೆ ಒಯ್ಯುತ್ತಿತ್ತು. ಪುಡಿ ಹಚ್ಚಿದ ವೈದ್ಯಕೀಯ ಕೈಗವಸುಗಳನ್ನು ಅಮೆರಿಕವು 2017ರಲ್ಲಿ ನಿಷೇಧಿಸಿತು.

ಚರ್ಮದ ತೊಂದರೆಗಳಲ್ಲಿ ಮೂರು ಬಗೆ. ಬೆವರು, ಘರ್ಷಣೆಗಳಿಂದ ಚರ್ಮ ಒಣಗಿ ಉರಿಯುವುದು ಮೊದಲನೆಯದು, ಇದು ಅಲರ್ಜಿಯಲ್ಲ. ತಯಾರಿಕೆಯ ರಾಸಾಯನಿಕಗಳಿಂದ ಒಂದೆರಡು ದಿನಗಳ ಮೇಲೆ ಇಸುಬು ಏಳುವುದು ಎರಡನೆಯದು. ನೈಟ್ರೈಲ್ ಕೈಗವಸುಗಳಲ್ಲಿಯೂ ಅವೇ ರಾಸಾಯನಿಕಗಳು ಇರಬಹುದಾದ್ದರಿಂದ ಕೈಗವಸು ಬದಲಿಸಿದ ಮಾತ್ರಕ್ಕೆ ಇದು ವಾಸಿಯಾಗದಿರಬಹುದು. ಮೂರನೆಯದು ಪ್ರೋಟೀನಿನ ಅಲರ್ಜಿ: ತೊಟ್ಟ ಕೆಲವೇ ನಿಮಿಷಗಳಲ್ಲಿ ಪಿತ್ತದ ಗಂಧೆ, ಸೀನು, ಉಬ್ಬಸ; ಕೆಲವೊಮ್ಮೆ ರಕ್ತದೊತ್ತಡ ಕುಸಿದು ಪ್ರಾಣಾಪಾಯ. ಬಾಲ್ಯದಲ್ಲಿ ಪದೇ ಪದೇ ಶಸ್ತ್ರಚಿಕಿತ್ಸೆಗೆ ಒಳಗಾದವರಿಗೂ ಆಸ್ಪತ್ರೆಯ ಸಿಬ್ಬಂದಿಗೂ ಇದರ ಸಂಭವ ಹೆಚ್ಚು. ಇಂಥವರಲ್ಲಿ ಕೆಲವರಿಗೆ ಬಾಳೆಹಣ್ಣು, ಕಿವಿ, ಆವಕಾಡೊಗಳೂ ಒಗ್ಗವು.

ಇನ್ನು ರಬ್ಬರಿನ ಆರೈಕೆ. ಅದರ ಪರಮವೈರಿ ಎಣ್ಣೆ. ನಮ್ಮ ಮನೆಗಳಲ್ಲಿ ತಲೆಗೂ ಮೈಗೂ ಕೊಬ್ಬರಿ ಎಣ್ಣೆ ಹಚ್ಚುವ ವಾಡಿಕೆಯುಂಟು. ಆ ಕೈಯಿಂದಲೇ ಲೇಟೆಕ್ಸ್ ತೊಟ್ಟರೆ ಅದು ಉಬ್ಬಿ, ಸಡಿಲಗೊಂಡು ಹರಿಯುತ್ತದೆ. ವ್ಯಾಸಲೀನಿನ ಪರಿಣಾಮವೂ ಇದೇ. ಲೇಟೆಕ್ಸ್ ಕಾಂಡೋಮಿಗೂ ಈ ನಿಯಮ ಅನ್ವಯಿಸುತ್ತದೆಂಬುದನ್ನು ವೈದ್ಯನಾಗಿ ಸಂಕೋಚವಿಲ್ಲದೆ ಹೇಳಬೇಕು. ಉಡುಪನ್ನು ಉಗುರುಬೆಚ್ಚಗಿನ ನೀರು, ಸೌಮ್ಯ ಸಾಬೂನುಗಳಿಂದ ಕೈಯಲ್ಲೇ ತೊಳೆದು, ಒಳಹೊರಗೆ ನೆರಳಿನಲ್ಲಿ ಆರಿಸಿ, ಹಾಳೆಗಳು ಪರಸ್ಪರ ಅಂಟದಂತೆ ಟಾಲ್ಕಂ ಪುಡಿ ಲೇಪಿಸಿ, ತಂಪಾದ ಕತ್ತಲೆಯ ಜಾಗದಲ್ಲಿಡಬೇಕು. ಡ್ರೈಯರ್, ಇಸ್ತ್ರಿ, ಬಿಸಿಲು ಸಲ್ಲವು. ತಾಮ್ರ, ಹಿತ್ತಾಳೆ ತಗುಲಿದರೆ ಕಲೆಯಾಗುತ್ತದೆ.

ಕೊನೆಯದಾಗಿ ಒಂದು ವಿನಂತಿ. ಬಲೂನು ಊದಿದಾಗ ತುಟಿ ಊದಿಕೊಂಡರೆ, ಕೈಗವಸು ತೊಟ್ಟಾಗ ಗಂಧೆ ಎದ್ದರೆ, ಅದನ್ನು ಕ್ಷುಲ್ಲಕವೆಂದು ಮರೆಯದೆ ಕುಟುಂಬ ವೈದ್ಯರಿಗೆ ತಿಳಿಸಿರಿ. ದಂತವೈದ್ಯರ ಕುರ್ಚಿ ಏರುವ ಮುನ್ನ, ಶಸ್ತ್ರಚಿಕಿತ್ಸೆಗೆ ಮುನ್ನ, ಹೆರಿಗೆಗೆ ಮುನ್ನ ಮರಳಿ ಹೇಳಿರಿ. ಲೇಟೆಕ್ಸ್ ಇಲ್ಲದ ಸಲಕರಣೆಗಳನ್ನು ಸಿದ್ಧಪಡಿಸಿಕೊಳ್ಳಲು ಅವರಿಗೆ ಆ ಒಂದು ಮಾತು ಸಾಕು. ಇಂಗ್ಲಿಷ್ ಬಾರದ ಹಿರಿಯರು ಊರಿನಿಂದ ಬಂದಿದ್ದರೆ ಅವರ ಪರವಾಗಿ ಹೇಳುವ ಹೊಣೆ ಮಕ್ಕಳದು.