ಹೌಜಿನ ನೀರು, ಊರಿನ ಚರಂಡಿ ಮತ್ತು ನಮ್ಮ ಹೊಣೆ

(ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿಯ ಸಮುದಾಯ ಬಾಂಧವರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಗರಾಡಳಿತದ ಪರಿಸರ ಯೋಜನೆಗಳ ಕುರಿತು ಮಾತನಾಡಬೇಕೆಂದು ನಮಗೆ ಸೂಚಿಸಲಾಗಿದೆ. ಕಸ, ಚರಂಡಿ, ನಲ್ಲಿಗಳ ವಿಷಯ ಧಾರ್ಮಿಕ ಸಭೆಗೆ ತಕ್ಕುದೇ ಎಂಬ ಸಂದೇಹ ಕೆಲವರಿಗಿರಬಹುದು. ಮದ್ರಸಾದಲ್ಲಿ ಫಿಕ್ಹ್ ಕಲಿಯಲು ಕುಳಿತಾಗ ನಮ್ಮ ಮುಂದೆ ತೆರೆದ ಮೊದಲ ಅಧ್ಯಾಯವೇ ತಹಾರತ್, ಅಂದರೆ ಶುದ್ಧಿ. ನಮಾಝಿನ ಪಾಠಕ್ಕಿಂತ ಮೊದಲು ನೀರಿನ ಪಾಠ. ಯಾವ ನೀರು ಶುದ್ಧ, ಯಾವುದು ಅಶುದ್ಧ, ಬಾವಿಯಲ್ಲಿ ಏನು ಬಿದ್ದರೆ ಎಷ್ಟು ನೀರು ಸೇದಿ ಚೆಲ್ಲಬೇಕು ಎಂಬುದನ್ನು ನಾವು ಬಾಯಿಪಾಠ ಮಾಡಿದೆವು. ಆದರೆ ಆ ಪಾಠವನ್ನು ಮಸ್ಜಿದ್‌ನ ಹೌಜಿನಲ್ಲಿಯೇ ಬಿಟ್ಟು ಬೀದಿಗೆ ಬಂದೆವು. ಇಂದಿನ ನಮ್ಮ ದೂರು ಇತರರ ಮೇಲಲ್ಲ, ಮೊದಲು ನಮ್ಮ ಮೇಲೆಯೇ.

ಈ ನಾಡಿನ ಸ್ಥಿತಿಯನ್ನು ಒಮ್ಮೆ ನೋಡಿರಿ. ಜಮಖಂಡಿ ಮತ್ತು ರಬಕವಿ-ಬನಹಟ್ಟಿಯ ಬಳಿ ಕೃಷ್ಣೆ ಹರಿಯುತ್ತಾಳೆ. ಮುಧೋಳಕ್ಕೆ ಘಟಪ್ರಭೆಯ ಆಸರೆಯಿದೆ. ಬೀಳಗಿ ತಾಲೂಕಿನ ಹಲವು ಹಳ್ಳಿಗಳು ಆಲಮಟ್ಟಿ ಜಲಾಶಯದ ಹಿನ್ನೀರಿಗೆ ತಮ್ಮ ಮನೆ, ಮಠ, ಮಸ್ಜಿದ್, ಕಬರಸ್ತಾನಗಳನ್ನು ಒಪ್ಪಿಸಿ ಎದ್ದುಹೋದವು. 2005, 2009 ಮತ್ತು 2019ರಲ್ಲಿ ಪ್ರವಾಹ ಬಂತು. ಮಳೆಗಾಲದಲ್ಲಿ ಮನೆಯೊಳಗೆ ನುಗ್ಗಿದ ಅದೇ ನದಿ ಬೇಸಿಗೆಯಲ್ಲಿ ಬತ್ತಿದಾಗ, ಕೊಯ್ನಾ ಅಣೆಕಟ್ಟಿನಿಂದ ನೀರು ಬಿಡಿರೆಂದು ಮಹಾರಾಷ್ಟ್ರವನ್ನು ಕೇಳಿಕೊಳ್ಳಬೇಕಾಗುತ್ತದೆ. ಕಬ್ಬಿಗೆ ಮಿತಿಮೀರಿ ನೀರುಣಿಸಿದ ಹೊಲಗಳು ಸವಳಾಗಿವೆ. ಮಗ್ಗದ ಊರುಗಳಲ್ಲಿ ನೂಲಿಗೆ ಬಣ್ಣ ಕಟ್ಟಿದ ನೀರು ಸಂಸ್ಕರಣೆಯಿಲ್ಲದೆ ಚರಂಡಿ ಸೇರಿದರೆ, ಅದರಲ್ಲಿನ ಉಪ್ಪು ಮತ್ತು ಕ್ಷಾರ ಕಾಲಕ್ರಮದಲ್ಲಿ ಬಾವಿಗೂ ಕೊಳವೆ ಬಾವಿಗೂ ಇಳಿಯುತ್ತದೆ. ಆ ನೀರನ್ನು ಕುಡಿಯುವವರು ಶ್ರೀಮಂತರಲ್ಲ, ಮಗ್ಗದ ಕೂಲಿಯ ಮಕ್ಕಳು. ನೆಲದಲ್ಲೂ ಜಲದಲ್ಲೂ ಹರಡುವ ಕೇಡು ಮನುಷ್ಯರ ಕೈಗಳ ಗಳಿಕೆಯೆಂದು ಪವಿತ್ರ ಕುರ್‌ಆನ್ ಎಚ್ಚರಿಸಿರುವುದರ ಅರ್ಥ ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ.

ಇನ್ನು ನಗರಾಡಳಿತದ ಹೊಣೆ. 1992ರ ಸಂವಿಧಾನದ 74ನೆಯ ತಿದ್ದುಪಡಿ ಹನ್ನೆರಡನೆಯ ಅನುಸೂಚಿಯನ್ನು ಸೇರಿಸಿ, ನಗರಾಡಳಿತಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಪಟ್ಟಿ ಮಾಡಿತು. ನೀರು ಪೂರೈಕೆ, ನೈರ್ಮಲ್ಯ, ಕಸ ವಿಲೇವಾರಿ, ಪರಿಸರ ರಕ್ಷಣೆ ಎಲ್ಲವೂ ಅದರಲ್ಲಿವೆ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಎಂಬ ಮಹಿಳೆ 1996ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದರ ಫಲವಾಗಿ 2000ದಲ್ಲಿ ದೇಶಕ್ಕೆ ಕಸದ ನಿಯಮಗಳು ಬಂದವು. ಕಸವನ್ನು ಹಸಿ, ಒಣ ಮತ್ತು ಅಪಾಯಕಾರಿ ಎಂದು ಮನೆಯಲ್ಲಿಯೇ ಬೇರ್ಪಡಿಸಿ ಕೊಡಬೇಕೆಂದು 2016ರ ನಿಯಮಗಳು ಹೇಳಿದವು. ಹದಿನೈದನೆಯ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಅವಧಿಯಲ್ಲಿ, ನಮ್ಮಂತಹ ಪಟ್ಟಣಗಳಿಗೆ ಕೊಡುವ ಅನುದಾನದ ನೂರಕ್ಕೆ 60 ಭಾಗವನ್ನು ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿಹಾಕಿತು. ಅಂದರೆ ಕಾನೂನಿಗೂ ಬರವಿಲ್ಲ, ಯೋಜನೆಗೂ ಬರವಿಲ್ಲ.

ಹಾಗಾದರೆ ಯೋಜನೆಗಳು ಸೋಲುವುದೆಲ್ಲಿ? ನಮ್ಮ ಹೊಸ್ತಿಲಲ್ಲಿ. ಚಿಕ್ಕ ಪಟ್ಟಣಗಳಲ್ಲಿ ತಲೆಗೆ ದಿನಕ್ಕೆ 200ರಿಂದ 400 ಗ್ರಾಂ ಕಸ ಹುಟ್ಟುತ್ತದೆಂಬುದು ಸಾಮಾನ್ಯ ಲೆಕ್ಕ. 70 ಸಾವಿರ ಜನರ ಊರಿಗೆ ಅದು ದಿನವೊಂದಕ್ಕೆ 14ರಿಂದ 28 ಟನ್. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಹಸಿ ಕಸ. ಬೇರೆಯಾಗಿ ಸಿಕ್ಕರೆ ಅದು ಗೊಬ್ಬರ. ಸವಳಾಗಿ ಸತ್ವ ಕಳೆದುಕೊಂಡ ಇಲ್ಲಿನ ಹೊಲಗಳಿಗೆ ಅದಕ್ಕಿಂತ ಬೇಕಾದುದು ಇನ್ನೇನಿದೆ? ಆದರೆ ಅದೇ ಕಸ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಬಂದರೆ ಯಾವ ಅಧಿಕಾರಿಯೂ ಅದನ್ನು ಗೊಬ್ಬರವಾಗಿಸಲಾರ. ಅದು ಊರ ಹೊರಗೆ ಕೊಳೆತು ಅನಿಲವಾಗುತ್ತದೆ, ಬೆಂಕಿ ಹಿಡಿದು ಹೊಗೆಯಾಗುತ್ತದೆ. ಆ ಹೊಗೆಯ ಪಕ್ಕದಲ್ಲಿ ಯಾರ ಮನೆಗಳಿರುತ್ತವೆಂದು ನಿಮಗೆ ಗೊತ್ತು.

ನೆರೆಯ ಮಹಾರಾಷ್ಟ್ರದ ಕೊಂಕಣದಲ್ಲಿ ವೆಂಗುರ್ಲಾ ಎಂಬ ಪುಟ್ಟ ಪಟ್ಟಣವಿದೆ. ಅಲ್ಲಿನ ಪುರಸಭೆ ಮನೆಮನೆಯಲ್ಲಿ ಕಸ ಬೇರ್ಪಡಿಸುವುದನ್ನು ರೂಢಿಗೆ ತಂದು, ಹಸಿ ಕಸದಿಂದ ಅನಿಲ ತಯಾರಿಸಿ, ಪ್ಲಾಸ್ಟಿಕ್ಕನ್ನು ರಸ್ತೆಗೆ ಬಳಸಿ, ಕಸದ ತಿಪ್ಪೆಯಿದ್ದ ಜಾಗವನ್ನು ಜನ ನೋಡಲು ಬರುವ ತೋಟವನ್ನಾಗಿ ಮಾಡಿತು. ಅಲ್ಲಿದ್ದುದು ಅದೇ ಕಾನೂನು, ಅದೇ ಬಗೆಯ ಜನ. ಒಂದೇ ವ್ಯತ್ಯಾಸವೆಂದರೆ ಅಧಿಕಾರಿಯೂ ನಾಗರಿಕನೂ ಒಂದೇ ದಿಕ್ಕಿಗೆ ನಡೆದರು.

ಬಾಂಧವರೇ, ಕಹಿಯಾದ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆವು. ಒಂದು ಊರಿನಲ್ಲಿ ಬಕ್ರೀದಿನ ಮರುದಿನ ಬೆಳಿಗ್ಗೆ ನಾವು ಮೊಹಲ್ಲಾದ ಓಣಿಯಲ್ಲಿ ನಡೆದುಹೋಗುತ್ತಿದ್ದೆವು. ಕುರ್ಬಾನಿಯ ಕರುಳು, ಚರ್ಮದ ತುಂಡುಗಳು ಚರಂಡಿಯಲ್ಲಿ ಸಿಕ್ಕಿಕೊಂಡಿದ್ದವು. ಪೌರಕಾರ್ಮಿಕ ಮಹಿಳೆಯೊಬ್ಬಳು ಮೂಗಿಗೆ ಸೆರಗು ಕಟ್ಟಿಕೊಂಡು, ಕೈಗವಸಿಲ್ಲದ ಕೈಯಿಂದ ಅವನ್ನು ಎತ್ತುತ್ತಿದ್ದಳು. ಆಕೆ ಬೈಯಲಿಲ್ಲ. ನಮ್ಮನ್ನು ನೋಡಿ, ದಾರಿ ಬಿಡಲೆಂದು ಪಕ್ಕಕ್ಕೆ ಸರಿದಳು. ದಾರಿಯಲ್ಲಿನ ಮುಳ್ಳುಕಲ್ಲನ್ನು ಸರಿಸುವುದೂ ಈಮಾನಿನ ಒಂದು ಶಾಖೆಯೆಂದು ಕಲಿಸಿದ ಪ್ರವಾದಿ(ಸ)ಯವರ ಅನುಯಾಯಿಗಳು ನಾವು. ನಮ್ಮ ಆರಾಧನೆಯ ಉಳಿಕೆಯನ್ನು ಬಡವಳೊಬ್ಬಳ ಬರಿಗೈಗೆ ಬಿಟ್ಟುದಕ್ಕೆ ನಾಳೆ ನಾವು ಏನು ಉತ್ತರ ಕೊಡುವೆವು? ಕೈಗವಸು ಕೊಡದ ಆಡಳಿತದ ತಪ್ಪು ಅದರ ಪಾಲಿಗಿರಲಿ. ನಮ್ಮ ಪಾಲಿನದು ನಮ್ಮ ಕೊರಳಿಗಿದೆ.

ನಮ್ಮ ಮೊಹಲ್ಲಾಗಳಿಗೆ ಅನ್ಯಾಯವಾಗಿಲ್ಲವೇ ಎಂದು ಯುವಕರು ಕೇಳಬಹುದು. ಆಗಿದೆ. ಮುಸ್ಲಿಮರು ಹೆಚ್ಚಾಗಿರುವ ಬಡಾವಣೆಗಳಲ್ಲಿ ನಾಗರಿಕ ಸೌಕರ್ಯಗಳ ಕೊರತೆಯಿರುವುದನ್ನು 2006ರಲ್ಲಿ ಸಾಚಾರ್ ಸಮಿತಿಯ ವರದಿ ದಾಖಲಿಸಿದೆ. ಗಾಡಿ ತಡವಾಗಿ ಬರುತ್ತದೆ, ಚರಂಡಿ ಕೊನೆಗೆ ಆಗುತ್ತದೆ. ಆಮೇಲೆ ಕೊಳಕನ್ನು ತೋರಿಸಿ ಸಮುದಾಯವನ್ನೇ ಹೀಗಳೆಯುವ ರಾಜಕೀಯವೂ ನಡೆಯುತ್ತದೆ. ಇದಕ್ಕೆ ಉತ್ತರ ಬರಿಯ ರೋಷವಲ್ಲ. ಹಕ್ಕನ್ನು ಕೇಳುವವನ ಅಂಗಳ ಸ್ವಚ್ಛವಾಗಿದ್ದರೆ ಅವನ ಧ್ವನಿಗೆ ಬೆಲೆ ಹೆಚ್ಚು. ಚುನಾವಣೆಯ ಸಮಯದಲ್ಲಿ ಬಿರಿಯಾನಿಯ ದೇಗ ಬಂದಾಗ ಚರಂಡಿಯ ಪ್ರಶ್ನೆ ಮರೆಯುವ ನಮ್ಮ ಚಾಳಿಯೂ ಈ ಅನ್ಯಾಯದಲ್ಲಿ ಪಾಲುದಾರನೇ.

ಇಸ್ಲಾಮೀ ಆಡಳಿತ ಪರಂಪರೆಯಲ್ಲಿ 'ಮುಹ್ತಸಿಬ್' ಎಂಬ ಅಧಿಕಾರಿಯಿದ್ದ. ಅವನು ಪೇಟೆಯ ತೂಕವನ್ನೂ ಬೀದಿಯ ಅಡಚಣೆಯನ್ನೂ ನೋಡುತ್ತಿದ್ದ. ಸುಮಾರು ಸಾವಿರ ವರ್ಷಗಳ ಹಿಂದೆ ಇಮಾಮ್ ಮಾವರ್ದಿಯವರು ಅವನ ಕರ್ತವ್ಯಗಳನ್ನು ವಿವರಿಸುತ್ತಾ, ಊರಿನ ಕುಡಿಯುವ ನೀರಿನ ವ್ಯವಸ್ಥೆ ಕೆಟ್ಟರೆ ಬೈತುಲ್ ಮಾಲಿನ ಹಣದಿಂದ ಸರಿಪಡಿಸಬೇಕು, ಅಲ್ಲಿ ಹಣವಿಲ್ಲದಿದ್ದರೆ ಊರಿನ ಉಳ್ಳವರ ಮೇಲೆ ಆ ಹೊಣೆ ಬೀಳುತ್ತದೆ ಎಂದು ನಿರ್ಣಯಿಸಿದರು. ಆಡಳಿತದ ಕರ್ತವ್ಯ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ ಜನರ ಕರ್ತವ್ಯ ಆರಂಭವಾಗುತ್ತದೆ. ಪಕ್ಕದ ಬಿಜಾಪುರದಲ್ಲಿ ಆದಿಲ್‌ಶಾಹಿಗಳು ತಾಜ್ ಬಾವಡಿ ತೋಡಿಸಿದರು, ಬೇಗಂ ತಾಲಾಬ್ ಕಟ್ಟಿಸಿದರು, ನೆಲದಡಿಯ ಕಾಲುವೆಗಳಿಂದ ಊರಿಗೆ ನೀರು ತಂದರು. ಅಂತಹ ತಾಜ್ ಬಾವಡಿಯಲ್ಲಿಯೇ ಕಸ, ಹೂಳು ತುಂಬಿ ಅದನ್ನು ಎತ್ತಿ ಹಾಕಬೇಕಾದ ಕಾಲ ಬಂತು. ಪೂರ್ವಜರ ಹೆಸರು ಹೇಳಿ ಹೆಮ್ಮೆಪಡುವ ನಾವು ಅವರ ಬಾವಿಗಳನ್ನು ಉಳಿಸಿಕೊಳ್ಳಲಿಲ್ಲ.

ಜನರು ಮನಸ್ಸು ಮಾಡಿದರೆ ಏನಾಗುತ್ತದೆಂಬುದಕ್ಕೆ ಸಾಕ್ಷಿ ಈ ತಾಲೂಕಿನಲ್ಲಿಯೇ ಇದೆ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ಸರಕಾರಕ್ಕೆ ಕಾಯದೆ, ವಂತಿಗೆ ಎತ್ತಿ, ಬೆವರು ಸುರಿಸಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರವೆಂಬ ಹೆಸರು ಸಾರ್ಥಕವಾಗಿದೆ. ನದಿಗೇ ಒಡ್ಡು ಹಾಕಿದ ಮಣ್ಣಿನಲ್ಲಿ ನಮ್ಮ ಓಣಿಯ ಕಸಕ್ಕೆ ಒಂದು ವ್ಯವಸ್ಥೆ ಅಸಾಧ್ಯವೇ?

ಆದ್ದರಿಂದ ಕೆಲವು ಕೆಲಸಗಳನ್ನು ನಿಮ್ಮ ಮುಂದಿಡುತ್ತೇವೆ. ಮೊದಲನೆಯದು, ಮೊಹಲ್ಲಾ ಸಮಿತಿ. ಮೂರು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಸಂವಿಧಾನವು ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿಲ್ಲ. ನಮ್ಮ ನಾಲ್ಕೂ ಊರುಗಳು ಆ ಮಿತಿಗಿಂತ ಬಹಳ ಕೆಳಗಿವೆ. ಕಾನೂನು ಕೊಡದ ಸಮಿತಿಯನ್ನು ನಾವೇ ಕಟ್ಟಿಕೊಳ್ಳೋಣ. ಅದರಲ್ಲಿ ಓಣಿಯ ಎಲ್ಲ ಧರ್ಮದವರೂ ಇರಲಿ, ಮಹಿಳೆಯರು ಅವಶ್ಯವಾಗಿ ಇರಲಿ. ಆಯವ್ಯಯದ ಪೂರ್ವಭಾವಿ ಸಭೆಗೆ ಲಿಖಿತ ಬೇಡಿಕೆಯೊಂದಿಗೆ ಹೋಗಲಿ.

ಎರಡನೆಯದು, ಮನೆಯಲ್ಲಿ ಎರಡು ಬುಟ್ಟಿ. ಇದು ತಾಯಂದಿರ ಕೈಯಲ್ಲಿದೆ ಎನ್ನುತ್ತಾರೆ. ಗಂಡಸರ ಕೈಯಲ್ಲೂ ಇದೆ ಎನ್ನುತ್ತೇವೆ ನಾವು. ಮೂರನೆಯದು, ಬಕ್ರೀದಿಗೆ ಎರಡು ವಾರ ಮೊದಲೇ ಜಮಾತಿನವರು ಆರೋಗ್ಯ ನಿರೀಕ್ಷಕರೊಡನೆ ಕುಳಿತು ಸ್ಥಳ, ಗಾಡಿ, ಹೂಳುವ ಗುಂಡಿಯನ್ನು ನಿಗದಿಪಡಿಸಲಿ. ಪೌರಕಾರ್ಮಿಕರ ಕೈಗವಸಿನ ಖರ್ಚು ನಮ್ಮದಿರಲಿ, ಕುರ್ಬಾನಿಯ ಮಾಂಸದಲ್ಲಿ ಅವರ ಮನೆಯ ಪಾಲೂ ಇರಲಿ. ನಾಲ್ಕನೆಯದು, ಮಸ್ಜಿದ್‌ಗಳು ದಾರಿ ತೋರಲಿ. ಪ್ರವಾದಿ(ಸ)ಯವರು ಒಂದು ಮುದ್ದ್, ಹೆಚ್ಚೆಂದರೆ ಒಂದು ಲೀಟರಿನಷ್ಟು ನೀರಿನಲ್ಲಿ ವುಝೂ ಮಾಡುತ್ತಿದ್ದರು. ಹರಿಯುವ ನದಿಯ ದಡದಲ್ಲಿಯೂ ನೀರಿನ ದುಂದು ಸಲ್ಲದೆಂದು ಬೋಧಿಸಿದರು. ನಾವು ನಲ್ಲಿ ತೆರೆದಿಟ್ಟು ಮಾತನಾಡುತ್ತಾ ಕಾಲು ತೊಳೆಯುತ್ತೇವೆ. ವುಝೂವಿನ ನೀರು ಚರಂಡಿಗಲ್ಲ, ಇಂಗುಗುಂಡಿಗೆ ಹೋಗಲಿ, ಕಬರಸ್ತಾನದ ಬೇವಿನ ಸಸಿಗಳಿಗೆ ಹೋಗಲಿ.

ಇವು ದೊಡ್ಡ ಯೋಜನೆಗಳಲ್ಲ. ಆದರೆ ಕೃಷ್ಣೆಯ ನೀರು ನಮ್ಮ ಮೊಮ್ಮಕ್ಕಳ ವುಝೂವಿಗೆ ಯೋಗ್ಯವಾಗಿರಬೇಕೇ ಬೇಡವೇ ಎಂಬುದು ಇಂತಹ ಕೆಲಸಗಳಿಂದಲೇ ತೀರ್ಮಾನವಾಗುತ್ತದೆ. ಭೂಮಿ ನಮಗೆ ಪಿತ್ರಾರ್ಜಿತ ಆಸ್ತಿಯಲ್ಲ, ಅಮಾನತ್. ಅಮಾನತನ್ನು ಹಾಳುಮಾಡಿದವನಿಗೆ ನೆರೆಯವನೂ ಕ್ಷಮೆ ನೀಡುವುದಿಲ್ಲ.

ಇಲ್ಲಿಂದ ಮನೆಗೆ ಹೋಗುವ ದಾರಿಯಲ್ಲಿಯೇ ಕೆಲಸ ಆರಂಭವಾಗಲಿ. ಅಲ್ಲಾಹನು ನಮ್ಮೆಲ್ಲರಿಗೂ ಅದಕ್ಕೆ ತೌಫೀಕ್ ನೀಡಲಿ. ಆಮೀನ್.