ರೈಲು ರದ್ದು, ಬಸ್ ಎಲ್ಲಿ?

ಆವತಿಯಲ್ಲಿ ರೈಲು ಬರಲಿಲ್ಲ ಅಂದ್ರೆ ಹೆದ್ದಾರಿ 44ಕ್ಕೆ ಬಂದು ಬಸ್ಸಿಗೆ ಕೈ ಅಡ್ಡ ಹಾಕಬಹುದು. ಘಟ್ಟ ಇಳಿಯೋರು ಏನು ಮಾಡಬೇಕು? 2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಮಣ್ಣು ಕುಸಿದು ಬೆಂಗಳೂರು–ಮಂಗಳೂರು ರೈಲುಗಳು ದಿನಗಟ್ಟಲೆ ರದ್ದಾದವು. ಬಸ್ಸಿಗೆ ಹೋಗೋಣ ಅಂದ್ರೆ ಶಿರಾಡಿ ಘಾಟಿಯಲ್ಲೂ ಅದೇ ತಿಂಗಳು ಗುಡ್ಡ ಕುಸಿತ!

ಇ-ಟಿಕೆಟ್ ದುಡ್ಡು ಪೂರ್ತಿ, ತಾನಾಗಿಯೇ ಖಾತೆಗೆ ವಾಪಸ್ ಬರುತ್ತೆ. ಕೌಂಟರ್ ಟಿಕೆಟ್ ಆದರೆ 3 ದಿನದೊಳಗೆ ಕೌಂಟರ್‌ಗೇ ಹಿಂದಿರುಗಿಸಿ. ಸರಿ, ದುಡ್ಡು ಬಂತು. ಬೆಳಗ್ಗೆ ಆಸ್ಪತ್ರೆಗೆ, ಪರೀಕ್ಷೆಗೆ ಹೋಗಬೇಕಾದವರನ್ನು ಆ ದುಡ್ಡು ಊರು ಮುಟ್ಟಿಸುತ್ತಾ?

‘ನಿಮ್ಮ ರೈಲು ರದ್ದು’ ಅನ್ನೋ ಸಂದೇಶದಲ್ಲೇ ಬದಲಿ ಬಸ್ ಎಲ್ಲಿಂದ, ಎಷ್ಟು ಗಂಟೆಗೆ, ಯಾವ ದಾರಿಯಲ್ಲಿ ಅಂತ ಇರಬೇಕು. ಮಳೆಗಾಲ ಹೇಳದೆ ಕೇಳದೆ ಬರೋದಲ್ಲ. ರೈಲ್ವೆಯವರು, ಸಾರಿಗೆ ನಿಗಮದವರು ಮೇ ತಿಂಗಳಲ್ಲೇ ಕೂತು ಮಾತಾಡಲಿ.