ಫಾರ್‌ಸೇಕ್: ಕೈಬಿಡೋದಕ್ಕೂ ಮೊದಲು ಅದು ‘ಒಲ್ಲೆ’ ಅನ್ನೋ ಮಾತಾಗಿತ್ತು

ಇವತ್ತು ಒಂದೇ ಒಂದು ಇಂಗ್ಲಿಷ್ ಪದ: ಫಾರ್‌ಸೇಕ್. ಆಫೀಸ್ ಮೇಲ್‌ನಲ್ಲಿ ಇದನ್ನ ಯಾರೂ ಬರೆಯಲ್ಲ. ಬೈಬಲ್‌ನಲ್ಲಿ, ಹಳೇ ಪದ್ಯಗಳಲ್ಲಿ, ಆಮೇಲೆ ವಿಡಿಯೊ ಗೇಮ್‌ಗಳ ಹೆಸರಲ್ಲಿ ಸಿಗುತ್ತೆ. ಡಿಕ್ಷನರಿ ತೆಗೆದ್ರೆ ತ್ಯಜಿಸು, ತೊರೆ, ಕೈಬಿಡು ಅಂತಿರುತ್ತೆ. ಸರಿಯೇ. ಆದ್ರೆ ಹುಟ್ಟಿದಾಗ ಈ ಪದದ ಅರ್ಥ ಅದಾಗಿರಲಿಲ್ಲ.

ಎರಡು ತುಂಡು ಮಾಡೋಣ: ಫಾರ್, ಸೇಕ್. ಗೊಂದಲ ಶುರುವಾಗೋದೇ ಇಲ್ಲಿ. ‘ಫಾರ್ ಯುವರ್ ಸೇಕ್’ ಅಂದ್ರೆ ನಿನಗೋಸ್ಕರ. ಅದೇ ಎರಡನ್ನ ಅಂಟಿಸಿದ್ರೆ ನಿನ್ನನ್ನ ಬಿಟ್ಟುಹೋಗೋದು. ಹೇಗಪ್ಪಾ ಇದು?

ಸಾವಿರ ವರ್ಷದ ಹಿಂದಿನ ಇಂಗ್ಲಿಷ್‌ನಲ್ಲಿ ‘ಸಕು’ ಅಂತ ಒಂದು ಪದ ಇತ್ತು. ನಮ್ಮ ‘ಸಾಕು’ಗೂ ಇದಕ್ಕೂ ಸಂಬಂಧ ಇಲ್ಲ, ದಯವಿಟ್ಟು ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡಬೇಡಿ! ಸಕು ಅಂದ್ರೆ ಜಗಳ, ತಕರಾರು, ನ್ಯಾಯಸ್ಥಾನದ ವ್ಯಾಜ್ಯ. 1086ರಲ್ಲಿ ಇಂಗ್ಲೆಂಡಿನ ಜಮೀನುಗಳ ಲೆಕ್ಕ ಬರೆದ ಡೂಮ್ಸ್‌ಡೇ ಬುಕ್‌ನಲ್ಲಿ ‘ಸೇಕ್ ಅಂಡ್ ಸೋಕ್’ ಅನ್ನೋ ಹಕ್ಕು ಮತ್ತೆ ಮತ್ತೆ ಬರುತ್ತೆ: ಒಬ್ಬ ಒಡೆಯ ತನ್ನ ಜಾಗದಲ್ಲಿ ತಾನೇ ವಿಚಾರಣೆ ನಡೆಸೋ ಹಕ್ಕು. ವ್ಯಾಜ್ಯ ಅನ್ನೋ ಅರ್ಥದಿಂದ ‘ಒಬ್ಬರ ಪರ’, ಅಲ್ಲಿಂದ ‘ಅವರಿಗೋಸ್ಕರ’. ಇವತ್ತಿನ ಸೇಕ್ ಅದೇ.

ಇನ್ನು ಮುಂದಿರೋ ‘ಫಾರ್’. ಇದು ‘ಫಾರ್ ಯೂ’ನಲ್ಲಿರೋ ಹಾಗೆ ಬಿಡಿ ಪದ ಅಲ್ಲ. ಫರ್‌ಗೆಟ್, ಫರ್‌ಬಿಡ್‌ನಲ್ಲಿ ಇದೆಯಲ್ಲ, ಆ ಹಳೇ ಉಪಸರ್ಗ. ದೂರ ತಳ್ಳೋದು, ಬೇಡ ಅನ್ನೋದು, ಪೂರ್ತಿ ಮುಗಿಸಿಬಿಡೋದು, ಹೀಗೆ ಹಲವು ಛಾಯೆ ಅದಕ್ಕೆ. ಹಾಗಾಗಿ ‘ಫಾರ್‌ಸಕನ್’ ಅಂದ್ರೆ ವಾದ ಮಾಡಿ ನಿರಾಕರಿಸೋದು. ಒಲ್ಲೆ ಅನ್ನೋದು. ಒಪ್ಪಲ್ಲ ಅಂತ ಬಾಯಿಬಿಟ್ಟು ಹೇಳೋದು.

ನನಗೆ ಈ ಬಾಯಿ ಬಿಡೋ ವಿಷಯವೇ ಮುಖ್ಯ ಅನ್ಸುತ್ತೆ. ಇದರ ಗುರುತು ಉಳಿದಿರೋದು ಮದುವೆ ಮಂತ್ರದಲ್ಲಿ, ಅದೂ ಇಂಗ್ಲೆಂಡಿನ ಚರ್ಚ್‌ನಲ್ಲಿ. 1549ರಲ್ಲಿ ಬಂದ ಇಂಗ್ಲಿಷ್ ಪ್ರಾರ್ಥನಾ ಪುಸ್ತಕದಲ್ಲಿ ಪಾದ್ರಿ ವಧುವರರನ್ನ ಒಬ್ಬೊಬ್ಬರನ್ನಾಗಿ ಕೇಳ್ತಾರೆ: ಉಳಿದವರನ್ನೆಲ್ಲ ಫಾರ್‌ಸೇಕ್ ಮಾಡಿ ಇವರ ಜೊತೆ ಇರ್ತೀಯಾ ಅಂತ. ಎಲ್ಲರೆದುರು ಉತ್ತರ ಕೊಡಬೇಕು. ಇಲ್ಲಿ ಫಾರ್‌ಸೇಕ್ ದ್ರೋಹ ಅಲ್ಲ, ನಿಷ್ಠೆ. ಒಬ್ಬರಿಗೆ ಹೂಂ ಅನ್ನೋದಕ್ಕೆ ಉಳಿದವರಿಗೆ ಒಲ್ಲೆ ಅನ್ನೋದು.

ನಿಧಾನಕ್ಕೆ ‘ಒಲ್ಲೆ’ ಸವೆದು ‘ಬಿಟ್ಟುಹೋಗೋದು’ ಉಳೀತು. 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ ಶಿಲುಬೆ ಮೇಲಿನ ಯೇಸು ದೇವರನ್ನ ಕೇಳೋ ಪ್ರಶ್ನೆಯಲ್ಲಿ ಇದೇ ಪದ ಇದೆ, ‘ಫಾರ್‌ಸೇಕನ್’ ಅನ್ನೋ ರೂಪದಲ್ಲಿ. ಈಗ ನಾವು ಹೆಚ್ಚಾಗಿ ಕೇಳೋದೂ ಆ ರೂಪವನ್ನೇ. ಬಿಟ್ಟವರು ಮಾತಿನಿಂದ ಮಾಯ, ಬಿಡಿಸಿಕೊಂಡವರು ಮಾತ್ರ ಕಾಣ್ತಾರೆ.

ಕನ್ನಡ ಬೈಬಲ್ ಆ ಜಾಗದಲ್ಲಿ ಬಳಸಿರೋದು ‘ಕೈಬಿಡು’. ನನ್ನ ಪ್ರಕಾರ ಇದು ಮೂಲ ಇಂಗ್ಲಿಷ್ ಪದಕ್ಕಿಂತ ಗಟ್ಟಿ. ತೊರೆಯೋದಾದ್ರೆ ಊರನ್ನೂ ತೊರೀಬಹುದು, ಸಿಗರೇಟನ್ನೂ ತ್ಯಜಿಸಬಹುದು. ಆದ್ರೆ ಒಬ್ಬ ಮನುಷ್ಯನನ್ನ ಕೈಬಿಡಬೇಕಾದ್ರೆ ಮೊದಲು ಕೈ ಹಿಡಿದಿರಬೇಕು. ದಾರೀಲಿ ಹೋಗೋ ಅಪರಿಚಿತರನ್ನ ಯಾರೂ ಕೈಬಿಡಲ್ಲ.

ಅಂದಹಾಗೆ, ‘ಅಬ್ಯಾಂಡನ್’ ಕೂಡ ಅಧಿಕಾರದ ಭಾಷೆಯಿಂದಲೇ ಬಂದಿದ್ದು. ಹಳೇ ಫ್ರೆಂಚ್‌ನಲ್ಲಿ ಬೇರೆಯವರ ವಶಕ್ಕೆ ಒಪ್ಪಿಸೋದು ಅಂತ ಅರ್ಥ.

ಈಗ ನಿಮ್ಮ ಫೋನಿಗೆ ಬನ್ನಿ. ಎರಡು ವರ್ಷ ದಿನಾ ಮಾತಾಡಿದವರು ಒಂದಿನ ನಿಲ್ಲಿಸಿಬಿಡ್ತಾರೆ. ಮೆಸೇಜ್ ತಲುಪಿದೆ, ನೀಲಿ ಟಿಕ್ ಬಂದಿದೆ, ಉತ್ತರ ಇಲ್ಲ. ಜಗಳವೂ ಇಲ್ಲ. ಇದಕ್ಕೆ ಘೋಸ್ಟಿಂಗ್ ಅಂತ ಹೊಸ ಹೆಸರು ಬೇಕಾಯ್ತು. ಆ ಹಳೇ ಅರ್ಥದಲ್ಲಿ ಇದು ಫಾರ್‌ಸೇಕ್ ಆಗೋದೇ ಇಲ್ಲ, ಯಾಕಂದ್ರೆ ಅದಕ್ಕೆ ಕೊನೇಪಕ್ಷ ಒಬ್ಬರು ಎದುರು ನಿಂತು ‘ಒಲ್ಲೆ’ ಅಂತ ಹೇಳಿರಬೇಕಿತ್ತು.

ಮುಂದಿನ ಸಲ ಇದರ ಅಕ್ಕನಂಥ ಪದ ‘ಫಾರ್‌ಲಾರ್ನ್’ ತಗೊಳ್ಳೋಣ. ಅದರ ಕತೆಯಲ್ಲಿ ಡಚ್ ಸೈನಿಕರು ಬರ್ತಾರೆ. ಸಿಗೋಣ, ನಮಸ್ಕಾರ.